ಪೊಳ್ಳು ಪ್ರೀತಿಯ ಹಾಡಿಗೆ ಗಿಟಾರಾ, ಸಿಂತಸೈಜರಾ?

ಫೋನಿನಲ್ಲಿ ಬೆರಳು ಸರಿಸಿ ಆರಿಸುವ ಪ್ರೀತಿ ಬಗ್ಗೆ ನಿಮ್ಮ ಬ್ಯಾಂಡ್ ಕಟ್ಟಿದ ಹಾಡು ಕೇಳಿದೆ. ಹಳೆಯ ಗಿಟಾರ್ ಅಬ್ಬರವೋ, ಹೊಸ ಸಿಂತ್ (ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ ಸಿಂತಸೈಜರ್) ಸೌಂಡೋ ಅಂತ ಕೇಳಿದ್ದೀರಿ, ಅಲ್ವಾ?

ಅರ್ಥವೇ ಮೊದಲು. ಸಿಂತ್‌ನ ದನಿ ಹೊರಗೆ ನುಣುಪು, ಒಳಗೆ ತಣ್ಣಗೆ. ಪೊಳ್ಳುತನವನ್ನು ಅದೇ ಹೇಳಿಬಿಡುತ್ತದೆ. ಡಿಸ್ಟಾರ್ಷನ್ ಗಿಟಾರ್‌ನಲ್ಲಿ, ಅಂದರೆ ದನಿಯನ್ನು ಬೇಕಂತಲೇ ಒರಟಾಗಿಸಿದ ಗಿಟಾರ್‌ನಲ್ಲಿ, ಮೋಸಹೋದವರ ಸಿಟ್ಟಿದೆ. ಆದರೆ ಮೆಲ್ಲಗೆ ಹಾಡುವ ಸಾಲುಗಳು ಅದರಡಿ ಮುಚ್ಚಿಹೋಗುತ್ತವೆ.

ಖರ್ಚು ದೊಡ್ಡದಲ್ಲ. ಲ್ಯಾಪ್‌ಟಾಪ್ ಇದ್ದರೆ ಒಂದು ಮಿಡಿ ಕೀಬೋರ್ಡ್ ಸಾಕು; ನೀವು ಅದರ ಕೀಲಿ ಒತ್ತಿದರೆ ಲ್ಯಾಪ್‌ಟಾಪ್‌ನಲ್ಲಿರುವ ಸಿಂತ್ ಸಾಫ್ಟ್‌ವೇರ್ ದನಿ ಕೊಡುತ್ತದೆ.

ಕೊಡಗಿನ ಮಳೆಯೇ ಜಾಸ್ತಿ ಕಾಡುವುದು. ಒಂದೇ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಕೊಡವ ತಿಂಗಳು) ನನ್ನ ಗಿಟಾರ್ ತಂತಿಗಳು ತುಕ್ಕು ಹಿಡಿದು ಬೆರಳಿಗೆ ಕಂದು ಬಣ್ಣ ಅಂಟುತ್ತಿತ್ತು. ಕರೆಂಟ್ ಹೋದರೆ ಸ್ಪೀಕರ್ ನಿಂತು ವೇದಿಕೆಯಲ್ಲಿ ಎರಡೂ ಮೂಕ.

ಮಡಿಕೇರಿ ದಸರಾ ಗದ್ದಲದಲ್ಲಿ ನುಡಿಸುವುದಾದರೆ ಗಿಟಾರ್. ಇಯರ್‌ಫೋನ್‌ನಲ್ಲಿ ಕೇಳುವವರಿಗೆ ರೆಕಾರ್ಡ್ ಮಾಡುವುದಾದರೆ ಸಿಂತ್. ಹಳೆಯ ಅಭಿಮಾನಿಗಳು ದೂರವಾಗುತ್ತಾರೆ ಅನ್ನಿಸಿದರೆ, ಪಲ್ಲವಿಗೆ ಮಾತ್ರ ಗಿಟಾರ್ ಉಳಿಸಿಕೊಳ್ಳಿ.