ಕೂವೆಯೊಳಗಿನ ಟಕಟಕ ಸದ್ದಿಗೆ ನೈಲಾನ್ ಕೇಬಲ್ ಟೈ

ಮಂಗಳೂರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ನೂರರ ಪ್ಯಾಕೆಟ್ಟಾಗಿ ಸಿಗುವ ನೈಲಾನ್ ಟೈ, ಹಾಯಿದೋಣಿಯ ಅಲ್ಯೂಮಿನಿಯಂ ಕೂವೆಯ, ಅಂದರೆ ಹಾಯಿ ಕಟ್ಟುವ ಕಂಬದ, ಸದ್ದಡಗಿಸಲು ತುಂಬ ಒಳ್ಳೆಯ ಸಾಮಾನು. ಆದರೆ ಸದ್ದು ಕೂವೆಯೊಳಗೆ ಹಾದ ವಯರಿನದ್ದೇ ಆಗಿರಬೇಕು.

ಅದನ್ನು ಮೊದಲು ಖಚಿತ ಮಾಡಿಕೊಳ್ಳಿ. ಗಾಳಿ ಎದ್ದಾಗ ಟಪಟಪ ಬಡಿಯುವುದು ಸಾಮಾನ್ಯವಾಗಿ ಹಾಯಿ ಏರಿಸುವ ಹಗ್ಗ, ಹ್ಯಾಲ್ಯಾರ್ಡ್. ಹೊರಗಿನದ್ದನ್ನು ಕೂವೆಯಿಂದ ದೂರಕ್ಕೆಳೆದು ಕಟ್ಟಿ, ಒಳಗಿನದ್ದನ್ನು ಬಿಗಿ ಮಾಡಿ. ಆಮೇಲೂ, ಗಾಳಿಯೇ ಇಲ್ಲದ ಹೊತ್ತಿನಲ್ಲಿ, ಬೆಂಗ್ರೆ ಬದಿಯಲ್ಲಿ ಹಾದುಹೋದ ಮೀನುಗಾರಿಕೆ ಬೋಟಿನ ಅಲೆಗೆ ದೋಣಿ ಹೊರಳಿದಾಗಲೆಲ್ಲ ಎಡಕ್ಕೊಂದು ಬಲಕ್ಕೊಂದು ಪೆಟ್ಟು ಬಿದ್ದರೆ, ಒಳಗೆ ತೂಗಾಡುತ್ತಿರುವುದು ವಿಎಚ್‌ಎಫ್ ರೇಡಿಯೋ ಆಂಟೆನಾದ ಕೇಬಲ್ಲು, ದೀಪದ ವಯರು. ಕೂವೆಗೆ ಅಂಗೈ ಒತ್ತಿ ಹಿಡಿದರೆ ಪೆಟ್ಟು ಕೈಗೇ ತಾಗುತ್ತದೆ.

ಟೈ ಹಾಕಲು ಕೂವೆ ಇಳಿಸಬೇಕು. ಮಳೆಗಾಲಕ್ಕೆ ದೋಣಿ ದಡಕ್ಕೆ ಬಂದಾಗ ಈ ಕೆಲಸ ಸಲೀಸು. ವಯರು ಹೊರಗೆಳೆಯುವ ಮೊದಲು ಅದರ ತುದಿಗೆ ಗಟ್ಟಿ ದಾರ ಕಟ್ಟಿ. ಮರಳಿ ತೂರಿಸಲು ಅದೇ ಆಧಾರ. ವಯರುಗಳನ್ನೆಲ್ಲ ಒಂದು ಕಟ್ಟು ಮಾಡಿ, ಪ್ರತಿ 60 ಸೆಂ.ಮೀ.ಗೆ ಮೂರು ಟೈ ಒತ್ತೊತ್ತಾಗಿ ಹಾಕಿ, ಗಂಟುಗಳು ಮೂರು ದಿಕ್ಕಿಗೆ ಬರಲಿ. ಬಿಗಿದ ಮೇಲೆ ಉಳಿಯುವ ಬಾಲ ಕತ್ತರಿಸಬೇಡಿ. ಆ ಮೂರು ಬಾಲಗಳೇ ಕೂವೆಯ ಗೋಡೆಗೆ ಒತ್ತಿ, ಸ್ಪ್ರಿಂಗಿನ ಹಾಗೆ ಬಾಗಿ, ಕಟ್ಟನ್ನು ನಡುವೆ ಹಿಡಿದಿಡುತ್ತವೆ. ಬಾಲದ ಉದ್ದ ಕೂವೆಯ ಒಳ ಅಗಲದ ಅರ್ಧಕ್ಕಿಂತ ಹೆಚ್ಚಿರಲಿ. ಹತ್ತು ಮೀಟರಿನ ಕೂವೆಗೆ ಐವತ್ತರಷ್ಟು ಟೈ ಸಾಕು.

ಟೈಯ ಅಗಲದಲ್ಲಿ ಜಿಪುಣತನ ಬೇಡ. ನೈಲಾನ್ ಗಾಳಿಯ ತೇವ ಹೀರಿ ಮೆದುವಾಗುತ್ತದೆ, ನಮ್ಮ ಕರಾವಳಿಯಲ್ಲಂತೂ ಕೇಳುವುದೇ ಬೇಡ. 4.8 ಮಿ.ಮೀ. ಬದಲು 7.6 ಮಿ.ಮೀ. ತಗೊಂಡರೆ ಬಾಲ ಸೆಟೆದು ನಿಲ್ಲುತ್ತದೆ. ಹಾಗಂತ ಇಕ್ಕಳದಲ್ಲಿ ಜಗ್ಗಿ ಬಿಗಿಯಬೇಡಿ: ಆಂಟೆನಾ ಕೇಬಲ್ಲು ಒಳಗೇ ಚಪ್ಪಟೆಯಾದರೆ ರೇಡಿಯೋ ಸಿಗ್ನಲ್ ಕೆಡುತ್ತದೆ.

ಎಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆಯೂ ಸದ್ದಡಗಿಸುತ್ತದೆ, ಆದರೆ ಈ ಕೆಲಸಕ್ಕೆ ಅದು ಬೇಡ. ವರ್ಷ ಕಳೆದಂತೆ ಚೂರಾಗಿ ಬುಡಕ್ಕೆ ಬಿದ್ದು ನೀರು ಹರಿಯುವ ತೂತು ಕಟ್ಟಿದರೆ, ಉಪ್ಪುನೀರು ನಿಂತು ಅಲ್ಯೂಮಿನಿಯಂ ತಿನ್ನುತ್ತದೆ.

ಟೈಗೂ ಒಂದು ದೋಷವಿದೆ. ಒಳಗೆ ಹ್ಯಾಲ್ಯಾರ್ಡ್ ಓಡುವ ಕೂವೆಯಾದರೆ ಬಾಲಗಳು ಅದಕ್ಕೆ ತೊಡರಬಹುದು. ವಯರು ತೂರಿಸುವಾಗ ಹ್ಯಾಲ್ಯಾರ್ಡನ್ನು ಬಿಗಿಯಾಗಿ ಎಳೆದಿಡಿ, ಕಟ್ಟು ತಿರುಚದಂತೆ ನೋಡಿ. ಕೂವೆ ನಿಲ್ಲಿಸುವ ಮೊದಲೇ ಪ್ರತಿ ಹಗ್ಗವನ್ನೂ ತುದಿಯಿಂದ ತುದಿಗೆ ಒಮ್ಮೆ ಓಡಿಸಿ.