ಬೇಲಿ ಸವರುವ ಕೆಲಸಕ್ಕೆ ಎಂಥ ಬೂಟು? ದಾವಣಗೆರೆಯಲ್ಲಿ ಕೊಂಡ ಮೂರು ಜೊತೆಗಳ ವಿಮರ್ಶೆ

ನಮ್ಮ ಬಡಾವಣೆಯ ನಿವಾಸಿಗಳ ಸಂಘ ನೋಡಿಕೊಳ್ಳುವ ಉದ್ಯಾನದಲ್ಲಿ ಗಿಡ ಸವರುವ ಮಾಲಿಗಳಿಗಾಗಿ ಈ ಸಲ ಮೂರು ಬಗೆಯ ರಕ್ಷಣಾ ಪಾದರಕ್ಷೆಗಳನ್ನು ದಾವಣಗೆರೆಯಲ್ಲಿಯೇ ಕೊಂಡು, ಬೇಸಿಗೆಯ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ಬಳಸಿ ನೋಡಲಾಯಿತು. ಒಂದು ಪಿವಿಸಿ ಗಂಬೂಟು, ಇನ್ನೊಂದು ಕಾರ್ಖಾನೆಗಳಲ್ಲಿ ಕಾಣುವ ಗಿಡ್ಡ ಸೇಫ್ಟಿ ಶೂ, ಮೂರನೆಯದು ಅಟ್ಟೆಯೊಳಗೆ ಉಕ್ಕಿನ ತಗಡಿರುವ, ಕಣಕಾಲನ್ನು ಪೂರ್ತಿ ಮುಚ್ಚುವ ಚರ್ಮದ ಬೂಟು. ಮೂರೂ ಬೇರೆ ಬೇರೆ ತಯಾರಕರವು. ಇಲ್ಲಿ ಹೇಳುವುದು ಆ ಬಗೆಗಳ ಗುಣದೋಷವನ್ನೇ ಹೊರತು ಯಾವುದೇ ಕಂಪನಿಯ ಹೆಸರನ್ನಲ್ಲವಾದ್ದರಿಂದ ಹೆಸರುಗಳನ್ನು ಬಿಟ್ಟಿದ್ದೇನೆ.

ಅಂಗಡಿಗೆ ಹೋಗಿ ಸೇಫ್ಟಿ ಶೂ ಬೇಕು ಎಂದರೆ ಮೊದಲು ಮುಂದೆ ಬರುವುದು ಹರಿಹರದ ಕಡೆಯ ಕಾರ್ಖಾನೆಗಳಿಗೂ ಕಟ್ಟಡ ಕೆಲಸಕ್ಕೂ ಹೋಗುವ ಮಾಲು. ಅದನ್ನು ಹೊಗಳುವಾಗ ಅಂಗಡಿಯವರು ತುದಿಯ ಉಕ್ಕಿನ ಟೋಪಿಯನ್ನು ಬೆರಳಿನಿಂದ ಕುಟ್ಟಿ ತೋರಿಸುತ್ತಾರೆ. ಮೇಲಿನಿಂದ ಭಾರ ಬೀಳುವ ಕೆಲಸಗಳಲ್ಲಿ ಆ ಟೋಪಿಯೇ ಮುಖ್ಯವೆಂಬುದು ನಿಜ. ಗಿಡ ಸವರುವವರಿಗೂ ಕತ್ತರಿ ಕೈಜಾರುವುದು, ಏಣಿಯ ಕಾಲು ಪಾದದ ಮೇಲೆ ಕೂರುವುದು ಉಂಟು. ಆದರೆ ಅವರಿಗೆ ದಿನನಿತ್ಯದ ಅಪಾಯ ಕೆಳಗಿನಿಂದ ಬರುತ್ತದೆ. ಕಾಂಪೌಂಡಿನ ಮೇಲಿನ ಬೋಗನ್‌ವಿಲ್ಲಾ, ಬೇಲಿಗೆ ಹಾಕಿದ ಡುರಂಟಾ, ಮೂಲೆಯ ನಿಂಬೆ ಮತ್ತು ದಾಳಿಂಬೆ ಗಿಡಗಳಿಂದ ಕತ್ತರಿಸಿ ಬಿದ್ದ ರೆಂಬೆಗಳ ಮೇಲೆಯೇ ನಿಂತು ಮುಂದಿನ ರೆಂಬೆಗೆ ಕೈ ಚಾಚಬೇಕಾಗುತ್ತದೆ. ಖಾಲಿ ನಿವೇಶನದ ಕಡೆಯಿಂದ ಒಳನುಗ್ಗುವ ಬಳ್ಳಾರಿ ಜಾಲಿಯ ಮುಳ್ಳು ಸೈಕಲ್ಲಿನ ಟೈರನ್ನೇ ತೂತು ಮಾಡುವಂಥದ್ದು. ಹವಾಯಿ ಚಪ್ಪಲಿಯ ಅಟ್ಟೆ ಅದಕ್ಕೆ ಲೆಕ್ಕವೇ ಅಲ್ಲ. ಆಳವಾಗಿ ನೆಟ್ಟ ಮುಳ್ಳಿನ ಗಾಯ ಮೇಲೆ ಬೇಗ ಮುಚ್ಚಿಕೊಂಡು ಒಳಗೆ ಕೀವು ಕಟ್ಟುವುದನ್ನೂ, ಧನುರ್ವಾಯುವಿನ ಭಯವನ್ನೂ ಮಾಲಿಗಳಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಹೀಗಾಗಿ ಈ ಕೆಲಸಕ್ಕೆ ಬೂಟು ಆರಿಸುವವರು ಅದನ್ನು ಮೊದಲು ತಿರುಗಿಸಿ ಅಟ್ಟೆಯನ್ನು ನೋಡಬೇಕು, ಟೋಪಿಯ ವಿಚಾರ ಆಮೇಲೆ ಎಂಬುದು ನನ್ನ ಅಭಿಪ್ರಾಯ.

ಅಟ್ಟೆಯೊಳಗೆ ಏನಿದೆ ಎಂಬುದನ್ನು ಹೊರಗಿನಿಂದ ನೋಡಿ ತಿಳಿಯಲಾಗುವುದಿಲ್ಲ. ಅದಕ್ಕಾಗಿ ಲೇಸಿನ ಕೆಳಗಿರುವ ನಾಲಗೆಯ ಒಳಬದಿಯಲ್ಲಿ ಹೊಲಿದ ಅಥವಾ ಅಚ್ಚೊತ್ತಿದ ಗುರುತುಗಳನ್ನು ಓದಬೇಕು. ನಮ್ಮಲ್ಲಿ ಇಂಥ ಪಾದರಕ್ಷೆಗಳಿಗೆ ಇರುವ ಮಾನಕ ಐಎಸ್ 15298. ಅದರ 2ನೆಯ ಭಾಗಕ್ಕೆ ಸೇರಿದ ಶೂಗಳ ತುದಿ 200 ಜೂಲ್ ಹೊಡೆತವನ್ನು, ಅಂದರೆ 20 ಕಿಲೋ ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟನ್ನು ತಡೆಯಬೇಕು. 3ನೆಯ ಭಾಗದವು 100 ಜೂಲ್ ತಡೆದರೆ ಸಾಕು. 4ನೆಯ ಭಾಗದವಕ್ಕೆ ತುದಿಯ ಟೋಪಿಯ ಕಡ್ಡಾಯವೇ ಇಲ್ಲ. ಇದರ ಜೊತೆಗೆ ಎಸ್‌ಬಿ, ಎಸ್1, ಎಸ್2, ಎಸ್3 ಎಂಬ ದರ್ಜೆಗಳಿವೆ. ನಮಗೆ ಬೇಕಾದ ಅಕ್ಷರ ‘ಪಿ’. ಎಸ್1 ಎಂದಷ್ಟೇ ಇದ್ದರೆ ಅಟ್ಟೆಯಲ್ಲಿ ಚುಚ್ಚು ತಡೆಯುವ ಪದರವಿದೆ ಎಂದು ನಂಬುವಂತಿಲ್ಲ. ಎಸ್1ಪಿ ಎಂದಿದ್ದರೆ ಇದೆ. ಎಸ್3 ದರ್ಜೆಯಲ್ಲಿ ಆ ಪದರವೂ, ಮೇಲ್ಚರ್ಮ ನೀರನ್ನು ಬೇಗ ಹೀರದಿರುವ ಗುಣವೂ, ಹಲ್ಲುಹಲ್ಲಾದ ಅಟ್ಟೆಯೂ ಸೇರಿಯೇ ಬರುತ್ತವೆ. ಚುಚ್ಚು ತಡೆಯುವ ಪರೀಕ್ಷೆಯಲ್ಲಿ ಮೊಳೆಯನ್ನು 1100 ನ್ಯೂಟನ್ ಬಲದಿಂದ ಒತ್ತುತ್ತಾರೆ. ನೂರು ಕಿಲೋಗಿಂತ ಹೆಚ್ಚು ತೂಕದವರು ಒಂದೇ ಕಾಲಿನಲ್ಲಿ ಮೊಳೆಯ ಮೇಲೆ ನಿಂತಂತೆ ಎಂದು ಇದನ್ನು ತಿಳಿಯಬಹುದು.

ಆ ಪದರದಲ್ಲಿಯೂ ಎರಡು ಬಗೆಗಳಿದ್ದು, ಮುಳ್ಳಿನ ಕೆಲಸಕ್ಕೆ ಈ ವ್ಯತ್ಯಾಸ ಮುಖ್ಯವಾದದ್ದು. ಒಂದು ಉಕ್ಕಿನ ತಗಡು, ಇನ್ನೊಂದು ಒತ್ತಾಗಿ ನೇಯ್ದ ಗಟ್ಟಿ ನೂಲಿನ ಹಾಸು. ನೂಲಿನ ಹಾಸು ಹಗುರ, ಚೆನ್ನಾಗಿ ಬಾಗುತ್ತದೆ, ಅಟ್ಟೆಯ ಅಂಚಿನವರೆಗೂ ಹರಡಿರುತ್ತದೆ. ಆದರೆ ಚುಚ್ಚುವ ವಸ್ತು ಸಣ್ಣದಾದಷ್ಟೂ ಅದು ನೂಲುಗಳ ನಡುವೆ ದಾರಿ ಮಾಡಿಕೊಳ್ಳುವ ಸಾಧ್ಯತೆ ಹೆಚ್ಚು. ಪರೀಕ್ಷೆಗೆ ಬಳಸುತ್ತ ಬಂದ ಮೊಳೆಯ ದಪ್ಪ 4.5 ಮಿಲಿಮೀಟರ್, ಮುಳ್ಳಿನ ಮೊನೆ ಅದಕ್ಕಿಂತ ಎಷ್ಟೋ ತೆಳುವು. 2021ರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 20345ರಲ್ಲಿ ಲೋಹವಲ್ಲದ ಹಾಸುಗಳಿಗೆ 3 ಮಿಲಿಮೀಟರ್ ಮೊಳೆಯ ಪರೀಕ್ಷೆಯನ್ನೂ ಸೇರಿಸಿರುವುದು ಈ ಕಾರಣಕ್ಕೇ. ಉಕ್ಕಿನ ತಗಡು ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟಿರುತ್ತದೆ, ತೂಕವೂ ಹೆಚ್ಚು, ಬಾಗುವುದೂ ಕಡಿಮೆ; ಆದರೂ ಜಾಲಿ ಮತ್ತು ಬೋಗನ್‌ವಿಲ್ಲಾ ಇರುವಲ್ಲಿ ನಾನು ಉಕ್ಕಿನ ತಗಡಿನದನ್ನೇ ಕೊಳ್ಳುತ್ತೇನೆ.

ಈಗ ಬೂಟುಗಳ ವಿಚಾರ. ಗಂಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 500 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಮೀನಖಂಡದವರೆಗೂ ಮುಚ್ಚುತ್ತದೆ, ನೀರು ಬಿಡುವಾಗ ಮತ್ತು ಕೆಸರಿನಲ್ಲಿ ಅದಕ್ಕೆ ಸಮನಾದದ್ದಿಲ್ಲ. ಕೊಳಕುಮಂಡಲದಂಥ ಹಾವುಗಳು ಹೆಚ್ಚಾಗಿ ಕಚ್ಚುವುದು ಪಾದಕ್ಕೂ ಕಣಕಾಲಿಗೂ ಆದ್ದರಿಂದ, ಎತ್ತರದ ಹುಲ್ಲಿನೊಳಗೆ ಕಾಲಿಡುವವರಿಗೆ ಆ ಎತ್ತರದ ಪ್ರಯೋಜನವನ್ನು ಅಲ್ಲಗಳೆಯಲಾಗದು. ಆದರೆ ಮಾಮೂಲಿ ಗಂಬೂಟಿನ ಅಟ್ಟೆಯಲ್ಲಿ ತಗಡಿಲ್ಲ; ಮುಳ್ಳು ಪಿವಿಸಿಯನ್ನು ಒಮ್ಮೆ ತೂತು ಮಾಡಿತೆಂದರೆ ನೀರು ತಡೆಯುವ ಗುಣವೂ ಹೋಯಿತು. ಏಪ್ರಿಲ್ ಬಿಸಿಲಿನಲ್ಲಿ ಒಳಗೆ ಬೆವರು ನಿಂತು ಬೆರಳುಗಳ ಸಂದಿ ಹುಣ್ಣಾಗುತ್ತದೆ, ಕಾಲಿಗೆ ಬಿಗಿಯಾಗಿ ಕೂರದ ಕಾರಣ ಏಣಿಯ ಮೆಟ್ಟಿಲ ಮೇಲೆ ಹಿಮ್ಮಡಿ ಜಾರುತ್ತದೆ. ಉಕ್ಕಿನ ಟೋಪಿಯೂ ತಗಡೂ ಇರುವ ಎಸ್5 ದರ್ಜೆಯ ಗಂಬೂಟುಗಳೂ ಇವೆ, ಆದರೆ ನಾವು ಹೋದ ಅಂಗಡಿಗಳಲ್ಲಿ ದಾಸ್ತಾನು ಇರಲಿಲ್ಲ.

ಗಿಡ್ಡ ಸೇಫ್ಟಿ ಶೂ ನೋಡಲು ಅಚ್ಚುಕಟ್ಟಾಗಿತ್ತು. ಬೆಲೆ ಸಾವಿರದೊಳಗೆ, ತೂಕ ಹಿತಮಿತ, ತುದಿಯಲ್ಲಿ ಉಕ್ಕು, ಗುರುತಿನಲ್ಲಿ ಎಸ್1. ‘ಪಿ’ ಇರಲಿಲ್ಲ. ಹುಲ್ಲುಹಾಸಿನ ಮೇಲೆ, ಮುಳ್ಳಿಲ್ಲದ ಬೇಲಿಯ ಪಕ್ಕದಲ್ಲಿ ಅದು ಸಾಕಾಗುತ್ತದೆ. ಆದರೆ ಕಣಕಾಲಿನ ಕೆಳಗೇ ಮುಗಿಯುವ ಯಾವ ಶೂವೂ ಸವರುವ ಕೆಲಸಕ್ಕೆ ಹೊಂದುವುದಿಲ್ಲ: ಕತ್ತರಿಸಿದ ಚೂರು, ನೆಗ್ಗಿಲ ಮುಳ್ಳು, ಒಣಗಿದ ಎಲೆ ಎಲ್ಲವೂ ಬಾಯಿಯೊಳಗೆ ಬಿದ್ದು ಸೇರಿಕೊಳ್ಳುತ್ತವೆ. ಕಾಂಗ್ರೆಸ್ ಗಿಡ ಕಿತ್ತ ದಿನವಂತೂ ಕಾಲುಚೀಲದ ಮೇಲ್ಭಾಗದಲ್ಲಿ ತುರಿಕೆ ತಪ್ಪಿದ್ದಲ್ಲ. ಹುಲ್ಲು ಹೊಡೆಯುವ ಬ್ರಷ್ ಕಟರ್ ಹಿಡಿದವರಿಗೆ ಇನ್ನೂ ಕಷ್ಟ, ಏಕೆಂದರೆ ಯಂತ್ರದ ದಾರವಾಗಲಿ ಬ್ಲೇಡಾಗಲಿ ಸಿಡಿಸುವ ಕಲ್ಲುಗಳು ನೇರವಾಗಿ ಕಣಕಾಲಿನ ಗಂಟಿಗೆ ಬಡಿಯುತ್ತವೆ. ಆ ಯಂತ್ರ ನಡೆಯುವಾಗ ಇತರರು 15 ಮೀಟರ್ ದೂರದಲ್ಲಿರಬೇಕು ಎಂದು ಕೈಪಿಡಿಗಳು ಹೇಳುತ್ತವೆ; ಹಿಡಿದವನ ಕಾಲು ಮಾತ್ರ ದೂರ ಹೋಗಲಾರದು.

ಮೂರನೆಯ ಜೊತೆಯೇ ನಮ್ಮ ಆಯ್ಕೆ. ಎಮ್ಮೆ ಚರ್ಮದ ಮೇಲ್ಭಾಗ, ಎರಡು ಪದರದ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಅಟ್ಟೆ, ಗುರುತಿನಲ್ಲಿ ಎಸ್3, ಒಳಗೆ ಉಕ್ಕಿನ ತಗಡು. ಬೆಲೆ 2000 ರೂಪಾಯಿಗೆ ಸಮೀಪ. ಬೋಗನ್‌ವಿಲ್ಲಾ ಸವರಿದ ದಿನ ಮಾಲಿಗಳು ರೆಂಬೆಗಳ ರಾಶಿಯನ್ನು ಕಾಲಿನಿಂದಲೇ ತುಳಿದು ಅಡಕ ಮಾಡಿ ಗಾಡಿಗೆ ತುಂಬಿದರು. ಹಿಂದೆ ಇದೇ ಕೆಲಸಕ್ಕೆ ಕೋಲು ಹಿಡಿದು ಸುತ್ತ ಸುತ್ತುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರ ಮಾತು ಇದು: “ಮುಳ್ಳಿನ ಮ್ಯಾಲೆ ನಿಂತ್ರೂ ಗೊತ್ತಾಗಂಗಿಲ್ಲ ಸಾರ್, ಆದ್ರೆ ಮಧ್ಯಾಹ್ನದ ಹೊತ್ತಿಗೆ ಕಾಲು ಭಾರ ಆಗ್ತಾವ್ರೀ.” ಎರಡೂ ನಿಜ. ಜೊತೆಯ ತೂಕ ಒಂದು ಕಿಲೋ ಮೀರುತ್ತದೆ, ಉಕ್ಕಿನ ತಗಡಿನಿಂದಾಗಿ ಪಾದದ ಮುಂಭಾಗ ಬಾಗಲು ಮೊದಮೊದಲು ಹಟ ಮಾಡುತ್ತದೆ, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವಾಗ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಆದ್ದರಿಂದ ಕುಳಿತು ಮಾಡುವ ಕೆಲಸಕ್ಕೆ ಗಿಡ್ಡ ಶೂವನ್ನೇ ಉಳಿಸಿಕೊಂಡು, ಸವರುವುದಕ್ಕೂ ಬ್ರಷ್ ಕಟರಿಗೂ ಎತ್ತರದ ಬೂಟನ್ನು ಮೀಸಲಿಟ್ಟೆವು.

ಹಿಡಿತದ ವಿಚಾರದಲ್ಲಿ ಒಂದು ತಕರಾರಿದೆ. ಜಾರು ತಡೆಯ ಗುರುತಾದ ಎಸ್‌ಆರ್‌ಸಿ ಈ ಬೂಟಿನ ಮೇಲೆಯೂ ಇತ್ತು, ಆದರೆ ಆ ಪರೀಕ್ಷೆ ನಡೆಯುವುದು ಸೋಪಿನ ನೀರು ಬಿಟ್ಟ ಸೆರಾಮಿಕ್ ಹಾಸಿನ ಮೇಲೆ ಮತ್ತು ಗ್ಲಿಸರಿನ್ ಸವರಿದ ಉಕ್ಕಿನ ಮೇಲೆ. ಒದ್ದೆ ಹುಲ್ಲಿಗೂ ದಾವಣಗೆರೆಯ ಎರೆ ಮಣ್ಣಿಗೂ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಎರೆ ಮಣ್ಣು ಒದ್ದೆಯಾದರೆ ಅಟ್ಟೆಯ ಹಲ್ಲುಗಳ ನಡುವೆ ತುಂಬಿಕೊಂಡು, ನಾಲ್ಕು ಹೆಜ್ಜೆಯಲ್ಲಿ ಅಟ್ಟೆ ನುಣ್ಣಗಾಗಿ ಹಲ್ಲುಗಳಿದ್ದೂ ಇಲ್ಲದಂತಾಗುತ್ತದೆ. ನಮ್ಮ ಬೂಟಿನ ಹಲ್ಲುಗಳು ಒತ್ತೊತ್ತಾಗಿದ್ದುದರಿಂದ ಮಳೆಗಾಲದಲ್ಲಿ ಮಣ್ಣು ಕೆರೆಯಲು ಮಾಲಿಗಳು ಕಡ್ಡಿ ಇಟ್ಟುಕೊಳ್ಳಬೇಕಾಯಿತು. ಕೊಳ್ಳುವವರು ಹಲ್ಲುಗಳ ಆಳದ ಜೊತೆಗೆ ಅವುಗಳ ನಡುವಿನ ಅಂತರವನ್ನೂ ನೋಡಲಿ; ಕನಿಷ್ಠ ಕಿರುಬೆರಳು ಓಡಾಡುವಷ್ಟು ಸಂದಿ ಇದ್ದರೆ ಒಳ್ಳೆಯದು. ಚಿತ್ರದುರ್ಗದ ಕಡೆಯ ಕೆಂಪು ಮಣ್ಣು, ಕಲ್ಲುನೆಲಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣಲಿಕ್ಕಿಲ್ಲ. ಅಲ್ಲಿ ಅಟ್ಟೆ ಸವೆಯುವುದೇ ಮುಖ್ಯ ಚಿಂತೆಯಾದ್ದರಿಂದ ಪಿಯುಗಿಂತ ನೈಟ್ರೈಲ್ ರಬ್ಬರಿನ ಹೊರ ಅಟ್ಟೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಪಿಯು ಅಟ್ಟೆಯ ಇನ್ನೊಂದು ಗುಣವನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಗಾಳಿಯ ತೇವದಿಂದ ಅದು ಬಳಸದಿದ್ದರೂ ನಿಧಾನವಾಗಿ ಶಿಥಿಲವಾಗುತ್ತ, ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಡಬ್ಬಿ ಹೊಸದಾಗಿ ಕಂಡ ಮಾತ್ರಕ್ಕೆ ಬೂಟು ಹೊಸದೆಂದು ಹೇಳಲಾಗದು. ಮಾನಕದ ಪ್ರಕಾರ ತಯಾರಾದ ವರ್ಷವನ್ನೂ ತ್ರೈಮಾಸಿಕವನ್ನೂ ಶೂವಿನ ಮೇಲೆಯೇ ಗುರುತಿಸಿರಬೇಕು. ಅದನ್ನು ಓದಿ, ತೀರಾ ಹಳೆಯದಾದರೆ ರಿಯಾಯಿತಿ ಕೊಟ್ಟರೂ ಬೇಡವೆನ್ನಬೇಕು. ಪಿ.ಬಿ. ರಸ್ತೆಯ ಕಡೆಯ ಒಂದು ಅಂಗಡಿಯಲ್ಲಿ ನಮಗೆ ಮೊದಲು ತೋರಿಸಿದ ಜೊತೆ ಹೀಗೆ ವರ್ಷಗಟ್ಟಲೆ ಅಟ್ಟದ ಮೇಲಿದ್ದದ್ದು. ಕೇಳಿದ ಮೇಲೆ ಒಳಗಿನಿಂದ ಹೊಸ ಮಾಲು ಬಂತು. ಐಎಸ್‌ಐ ಮುದ್ರೆಯ ಕೆಳಗಿರುವ ಸಿಎಂ/ಎಲ್ ಸಂಖ್ಯೆಯನ್ನು, ಅಂದರೆ ತಯಾರಕರ ಪರವಾನಗಿ ಸಂಖ್ಯೆಯನ್ನು, ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲೇ ನಿಂತು ತಿಳಿಯುತ್ತದೆ. ಇದನ್ನು ಮಾಡಿದಾಗ ಅಂಗಡಿಯವರು ಬೇಸರಪಟ್ಟುಕೊಳ್ಳಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಬೇಕು.

ಅಳತೆಯ ವಿಷಯದಲ್ಲಿ, ಸಂಜೆಯ ಹೊತ್ತು, ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ತೊಟ್ಟು ನೋಡುವುದು ಮೇಲು. ಚರ್ಮ ಹಿಗ್ಗುತ್ತದೆ, ಉಕ್ಕಿನ ಟೋಪಿ ಹಿಗ್ಗುವುದಿಲ್ಲ; ಅಂಗಡಿಯಲ್ಲಿ ಕಿರುಬೆರಳನ್ನು ಒತ್ತಿದ ಬೂಟು ಮನೆಯಲ್ಲಿಯೂ ಒತ್ತುತ್ತದೆ. ಬರಿಗಾಲಿನಲ್ಲಿ ದುಡಿದು ಅಗಲವಾದ ಪಾದಗಳಿಗೆ ಉದ್ದದಲ್ಲಿ ಒಂದು ಸಂಖ್ಯೆ ದೊಡ್ಡದನ್ನು ಕೊಡುವುದು ವಾಡಿಕೆ, ಆದರೆ ಆಗ ಹಿಮ್ಮಡಿ ಸಡಿಲವಾಗಿ ಏಣಿಯ ಮೇಲೆ ಗಂಬೂಟಿನದೇ ತೊಂದರೆ ಮರುಕಳಿಸುತ್ತದೆ. ಅಗಲವಾದ ಅಚ್ಚಿನ ಮಾದರಿ ಇದೆಯೇ ಎಂದು ಕೇಳುವುದೇ ಸರಿ.

ಈ ಬೂಟು ಮಾಡದ ಕೆಲಸಗಳನ್ನೂ ಹೇಳಬೇಕು. ಮರದ ಕೊಂಬೆಗೆ ಚೈನ್ ಸಾ ಬಳಸುವವರಿಗೆ ಇದು ರಕ್ಷಣೆಯಲ್ಲ. ಓಡುವ ಸರಪಳಿಯ ಕತ್ತರಿಕೆಯನ್ನು ತಡೆಯುವ ಬೂಟುಗಳಿಗೆ ಐಎಸ್‌ಒ 17249 ಎಂಬ ಬೇರೆಯೇ ಮಾನಕವಿದ್ದು, ಅವುಗಳ ಮೇಲೆ ಚೈನ್ ಸಾ ಚಿತ್ರದ ಗುರುತಿರುತ್ತದೆ. ಹಾಗೆಯೇ ವೈರಿನ ಹೆಡ್ಜ್ ಟ್ರಿಮ್ಮರ್ ಹಿಡಿದವರು ‘ಆಂಟಿಸ್ಟ್ಯಾಟಿಕ್’ ಎಂಬ ಗುರುತನ್ನು ನಂಬಿ ವಿದ್ಯುತ್ತಿನ ವಿಷಯದಲ್ಲಿ ಧೈರ್ಯ ತಾಳುವಂತಿಲ್ಲ, ಏಕೆಂದರೆ ಅಂಥ ಅಟ್ಟೆ ಸಣ್ಣ ವಿದ್ಯುದಾವೇಶವನ್ನು ನೆಲಕ್ಕೆ ಹರಿಯಬಿಡಲೆಂದೇ ಮಾಡಿದ್ದು. ವೈರು ತುಂಡಾದಾಗ ಕಾಯುವುದು ಪ್ಲಗ್ಗಿನ ಹಿಂದಿರುವ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚಾದ ಆರ್‌ಸಿಸಿಬಿ.

ನಮ್ಮಲ್ಲಿ ಕಸ ಗುಡಿಸಿ ರೆಂಬೆ ಎತ್ತುವ ಕೆಲಸವನ್ನು ಹೆಂಗಸರೇ ಹೆಚ್ಚಾಗಿ ಮಾಡುವುದರಿಂದ, ಬಿದ್ದ ಮುಳ್ಳಿನ ಮೇಲೆ ಹೆಚ್ಚು ನಡೆಯುವವರೂ ಅವರೇ. ಅಂಗಡಿಗಳಲ್ಲಿ ಮಾತ್ರ ಎತ್ತರದ ಬೂಟು 6ರಿಂದ ಮೇಲಿನ ಸಂಖ್ಯೆಗಳಲ್ಲಷ್ಟೇ ಸಿಕ್ಕಿತು. ಒಂದು ಕಡೆ ಎರಡು ಜೊತೆ ಕಾಲುಚೀಲ ಹಾಕಿಸಿ ಎಂಬ ಸಲಹೆಯೂ ಬಂತು, ಅದನ್ನು ನಾವು ಒಪ್ಪಲಿಲ್ಲ. ಕೊನೆಗೆ ಪಿ.ಬಿ. ರಸ್ತೆಯ ಆ ಅಂಗಡಿಯವರೇ 4 ಮತ್ತು 5ರ ಅಳತೆಗಳನ್ನು ಬೆಂಗಳೂರಿನಿಂದ ತರಿಸಿಕೊಟ್ಟರು. ಅರ್ಧ ಹಣ ಮುಂಗಡ ಕೇಳಿದರು, ಸಾಗಣೆಗೆ ಬೇರೆ ಸೇರಿಸಲಿಲ್ಲ, ಅಳತೆ ಹೊಂದದಿದ್ದರೆ ಬದಲಾಯಿಸಿಕೊಡುವುದಾಗಿ ಬಿಲ್ಲಿನ ಮೇಲೆಯೇ ಬರೆದುಕೊಟ್ಟರು.