ಹಳೇ ಸಿಗ್ನಲ್ ದೀಪಕ್ಕೆ ಬಟ್ಟೆ ಸುತ್ತಿದ ವೈರು ಹಾಕುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮನೆ ಬೇಸ್‌ಮೆಂಟಿನಲ್ಲಿ ತೂಗಿಹಾಕಿದ್ದ ಟ್ರಾಫಿಕ್ ಸಿಗ್ನಲ್ಲು ಕಳೆದ ಜನವರಿಯಲ್ಲಿ ನನಗೆ ಶಾಕ್ ಹೊಡೆಯಿತು. ಪುಣ್ಯ, ಮೊಣಕೈವರೆಗೆ ಜುಮ್ಮೆಂದು ಕೈ ತಾನಾಗಿ ಕಿತ್ತುಬಂತು. ಹಳೇ ಸಿಗ್ನಲ್ಲು ಕೊಂಡು ತಿಕ್ಕಿ ತೊಳೆದು ಮತ್ತೆ ಹೊತ್ತಿಸುವ ಹುಚ್ಚು ನಿಮಗೂ ಇದ್ದರೆ, ನಾನು ಮಾಡಿದ್ದನ್ನು ದಯವಿಟ್ಟು ಮಾಡಬೇಡಿ.

ನಾವಿರುವುದು ಅಮೆರಿಕದ ಕ್ಲೀವ್‌ಲ್ಯಾಂಡ್ ಪಕ್ಕ. 1914ರ ಆಗಸ್ಟ್ 5ರಂದು ಯೂಕ್ಲಿಡ್ ಅವೆನ್ಯೂ ಮತ್ತು ಪೂರ್ವ 105ನೇ ಬೀದಿ ಸೇರುವಲ್ಲಿ ವಿದ್ಯುತ್ ಸಿಗ್ನಲ್ ಹಾಕಿದ ಊರು. ಆಗ ಇದ್ದದ್ದು ಕೆಂಪು, ಹಸಿರು ಎರಡೇ. ಈ ಊರಿನ ನೀರು ಕುಡಿದು ಹಿಡಿದ ಹುಚ್ಚೋ ಏನೋ, ನಾನೂ ಒಂದು ಕೊಂಡೆ. ಸಿರಾಕ್ಯೂಸಿನ ಕ್ರೌಸ್-ಹೈಂಡ್ಸ್ ಕಂಪನಿಯದು, ಮೂರು ಕಣ್ಣು, ಎಂಟಿಂಚಿನ ಗಾಜು, ಎರಕದ ಅಲ್ಯೂಮಿನಿಯಂ ಮೈ. ಹಳದಿ ಬಣ್ಣ ಕೆರೆದರೆ ಅಡಿಯಲ್ಲಿ ಕಡುಹಸಿರು ಬಣ್ಣ, ಅದರಡಿ ಇನ್ನೊಂದು ಪದರ. ಅದನ್ನೆಲ್ಲ ತೆಗೆಯುವುದರಲ್ಲೇ ಎರಡು ತಿಂಗಳು ಹೋಯಿತು.

ಒಳಗಿನ ಹಳೇ ವೈರು ರಬ್ಬರಿನ ಮೇಲೆ ಹತ್ತಿ ನೂಲು ಹೆಣೆದದ್ದು. ಬೆರಳಲ್ಲಿ ಬಗ್ಗಿಸಿದರೆ ಹಪ್ಪಳ ಮುರಿದ ಹಾಗೆ ರಬ್ಬರು ಉದುರಿ ತಾಮ್ರ ಕಾಣುತ್ತಿತ್ತು. ಅದನ್ನು ಉಳಿಸಿಕೊಳ್ಳುವ ಮಾತೇ ಇರಲಿಲ್ಲ. (ಇಲ್ಲೇ ಒಂದು ಮಾತು: ಕೆಲವು ಹಳೇ ದೀಪಗಳ ವೈರಿನಲ್ಲಿ ನೂಲಿನಡಿ ಬೂದುಬಿಳಿ ನಾರಿರುತ್ತದೆ. ಅದು ಶ್ವಾಸಕೋಶಕ್ಕೆ ಕೆಡುಕು ಮಾಡುವ ಆಸ್ಬೆಸ್ಟಸ್ ಆಗಿರಬಹುದು, ಕಣ್ಣಿಂದ ನೋಡಿ ಹೇಳಲಾಗದು. ಚಾಕು ಹಾಕಿ ಕೆರೆಯಬೇಡಿ.)

ಎಡವಿದ್ದು ಇದಾದ ಮೇಲೆ. ಎಲ್ಲವೂ ಆ ಕಾಲದ್ದರಂತೆಯೇ ಕಾಣಬೇಕು ಅನ್ನುವ ಹಟ. ಆನ್‌ಲೈನಿನಲ್ಲಿ ಒಬ್ಬ '1930ರ ಮಾದರಿ' ಅಂತ ಬಟ್ಟೆ ಸುತ್ತಿದ ವೈರು ಮಾರುತ್ತಿದ್ದ. ಕಂದು ಹತ್ತಿ, ನಡುವೆ ಬಣ್ಣದ ಒಂದೊಂದು ಎಳೆ. ನೋಡಲು ಎಷ್ಟು ಚೆಂದ ಅಂದರೆ, ಸುರುಳಿ ಬಿಚ್ಚಿದ ದಿನ ಸುಮ್ಮನೆ ಕೈಯಲ್ಲಿ ಹಿಡಿದು ಕೂತಿದ್ದೆ. ಎಷ್ಟು ಶಾಖ ತಡೆಯುತ್ತದೆ ಎಂಬುದು ಚೀಟಿಯ ಮೇಲೂ ಇರಲಿಲ್ಲ, ಒಳಪದರದ ಮೇಲೂ ಇರಲಿಲ್ಲ. ಹತ್ತಿಯ ಕೆಳಗಿದ್ದದ್ದು ಬರೀ ಪಿವಿಸಿ. ಸಾಮಾನ್ಯ ಪಿವಿಸಿ ವೈರಿನ ಮಿತಿ 60 ಡಿಗ್ರಿ ಸೆಲ್ಸಿಯಸ್. ನಾನು ಹಾಕಿದ್ದು ಹಳೇ ಸ್ಟಾಕಿನ 69 ವ್ಯಾಟ್ ಸಿಗ್ನಲ್ ಬಲ್ಬು, ಅದೂ ಗಾಳಿಯಾಡದ ಡಬ್ಬಿಯೊಳಗೆ. ಹೋಲ್ಡರಿನ ಬುಡದಲ್ಲಿ ಎಷ್ಟು ಕಾಯುತ್ತದೆ ಅಂತ ಯೋಚಿಸಲೇ ಇಲ್ಲ.

ಪ್ಲಗ್ಗಿನ ವಿಷಯದಲ್ಲೂ ಅದೇ ಶೋಕಿ. ಬೇಕಲೈಟಿನ ಗುಂಡನೆಯ ಪ್ಲಗ್ಗು, ಎರಡೇ ಪಿನ್ನು, ಎರಡೂ ಒಂದೇ ಅಗಲ. ಅರ್ಥ್ ಇಲ್ಲ. ಮೇಲಾಗಿ ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದು. ಸಿಗ್ನಲ್ಲಿನಲ್ಲಿ ಮೂರೂ ಹೋಲ್ಡರಿಗೆ ಬಿಳಿ ನ್ಯೂಟ್ರಲ್ ಒಂದೇ. ಪ್ಲಗ್ಗು ತಿರುವುಮುರುವಾದರೆ ಬಲ್ಬು ತಿರುಗಿಸುವ ಹಿತ್ತಾಳೆ ಬಟ್ಟಲಿಗೇ ಫೇಸ್ ಬರುತ್ತದೆ. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದ ನಮ್ಮಪ್ಪ ತುಮಕೂರಿನಿಂದ ಫೋನಿನಲ್ಲಿ "ಅರ್ಥ್ ಕೊಟ್ಟಿದ್ದೀಯೇನೋ?" ಅಂದಾಗ, "ಆಗಿನ ಕಾಲದಲ್ಲಿ ಇರಲಿಲ್ಲ ಅಪ್ಪ" ಅಂದಿದ್ದೆ. "ಆಗಿನ ಕಾಲದಲ್ಲಿ ಅದು ಕಂಬದ ಮೇಲಿತ್ತು, ಈಗ ನಿನ್ನ ತಲೆ ಮೇಲಿದೆ" ಅಂದರು. ನಕ್ಕು ಸುಮ್ಮನಾದೆ.

ಸಂಕ್ರಾಂತಿಯ ಮಾರನೇ ಶನಿವಾರ ಮನೆಗೆ ಸ್ನೇಹಿತರು ಬಂದಿದ್ದರು. ಫೋಟೋಗೆ ಚೆನ್ನಾಗಿರುತ್ತೆ ಅಂತ ಕೆಂಪು ಒಂದನ್ನೇ ಹೊತ್ತಿಸಿ ಬಿಟ್ಟೆ. ರಸ್ತೆಯಲ್ಲಿ ಕೆಂಪು ಅರೆನಿಮಿಷವೋ ಒಂದು ನಿಮಿಷವೋ ಉರಿದು ಆರುತ್ತದೆ. ಇಲ್ಲಿ ನಾಲ್ಕು ಗಂಟೆ ಒಂದೇ ಸಮ ಉರಿಯಿತು. ಎಲ್ಲರೂ ಹೋದ ಮೇಲೆ ಹೆಂಡತಿ ಮೆಟ್ಟಿಲ ಮೇಲಿಂದಲೇ "ರೀ, ಏನೋ ಸುಟ್ಟ ವಾಸನೆ ಬರ್ತಿದೆ" ಅಂದಳು. ಬರಿಗಾಲಲ್ಲಿ ಕಾಂಕ್ರೀಟ್ ನೆಲದ ಮೇಲೆ ನಿಂತು, ಪ್ಲಗ್ಗು ಕೀಳದೆ ಸಿಗ್ನಲ್ಲಿನ ಬಾಗಿಲಿನ ತಿರುಪಿಗೆ ಕೈಹಾಕಿದೆ.

ಬ್ರೇಕರ್ ಬಿದ್ದಿರಲಿಲ್ಲ. ಬೀಳುವುದಾದರೂ ಹೇಗೆ? ಸಿಗ್ನಲ್ಲಿನ ಲೋಹದ ಮೈಗೆ ಫೇಸ್ ತಗುಲಿದ್ದರೂ ಅದಕ್ಕೆ ಭೂಮಿಗಿಳಿಯುವ ದಾರಿಯೇ ಇರಲಿಲ್ಲ. ದಾರಿ ಆದದ್ದು ನಾನು. ನನ್ನ ಮೂಲಕ ಹರಿದದ್ದು 15 ಆಂಪಿನ ಬ್ರೇಕರಿಗೆ ಲೆಕ್ಕಕ್ಕೂ ಇಲ್ಲ.

ಮರುದಿನ ಬಿಚ್ಚಿ ನೋಡಿದೆ. ಬಾಗಿಲಿನ ಹಿಂಜಿನ ಹತ್ತಿರ, ವೈರು ರಿಫ್ಲೆಕ್ಟರಿನ ಅಂಚು ದಾಟಿ ಬಗ್ಗುವ ಕಡೆ, ಹತ್ತಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಳಗಿನ ಪಿವಿಸಿ ಮೆತ್ತಗಾಗಿ, ಬಗ್ಗಿದ ಜಾಗದಲ್ಲಿ ಒಂದು ಪಕ್ಕಕ್ಕೆ ಸರಿದು, ತಾಮ್ರದ ಎಳೆಗಳು ಲೋಹದ ಅಂಚಿಗೆ ಒರಗಿದ್ದವು. ಹೊರಗಿನಿಂದ ಬಟ್ಟೆ ಮಾತ್ರ ಇದ್ದ ಹಾಗೇ ಇತ್ತು. ಈ ವೈರಿನ ಕೆಟ್ಟ ಗುಣವೇ ಅದು, ಒಳಗೆ ಹಾಳಾದದ್ದನ್ನು ಬಟ್ಟೆ ಮುಚ್ಚಿಬಿಡುತ್ತದೆ. ಮಾರಿದವನಿಗೆ ಬರೆದರೆ 'ಅಲಂಕಾರಕ್ಕೆ ಮಾತ್ರ' ಅಂತ ಉತ್ತರ ಬಂತು. ಹಾಗಂತ ಜಾಹೀರಾತಿನಲ್ಲಿ ಎಲ್ಲೂ ಇರಲಿಲ್ಲ.

ಸಂಕಟದ ವಿಷಯವೆಂದರೆ ಬಾಗಿಲು ಮುಚ್ಚಿದ ಮೇಲೆ ಆ ವೈರು ಯಾರಿಗೂ ಕಾಣುತ್ತಿರಲಿಲ್ಲ. ಅಷ್ಟು ದುಡ್ಡು ಕೊಟ್ಟು, ಯಾರೂ ನೋಡದ ಜಾಗಕ್ಕೆ ಸಿಂಗಾರ ಮಾಡಿದ್ದೆ.

ಈಗ ಒಳಗೆ ಹಾಕಿರುವುದು ಸಿಲಿಕೋನ್ ರಬ್ಬರಿನ ಮೇಲೆ ಗಾಜಿನ ನೂಲು ಹೆಣೆದ 18 ಗೇಜಿನ ವೈರು, 200 ಡಿಗ್ರಿಯದು. ಮೋಜೆಂದರೆ ಹೆಣಿಗೆ ಇರುವುದರಿಂದ ಇದೂ ಒಂದಿಷ್ಟು ಹಳೆಯದರಂತೆಯೇ ಕಾಣುತ್ತದೆ. ಹೊರಗೆ ಕಾಣುವ ಒಂದೂವರೆ ಮಾರಿಗೆ ಬಟ್ಟೆ ಹೊದಿಸಿದ ಮೂರೆಳೆಯ ಕೇಬಲ್, ರೇಟಿಂಗ್ ನಮೂದಿಸಿದ್ದು, ಅರ್ಥ್ ಇರುವಂಥದ್ದು. ಹುಡುಕಿದರೆ ಸಿಗುತ್ತದೆ. ಗೋಡೆಯ ಸಾಕೆಟ್ಟನ್ನು ಜಿಎಫ್‌ಸಿಐಗೆ, ಅಂದರೆ ಕರೆಂಟು ದಾರಿ ತಪ್ಪಿ ಸೋರಿದರೆ ತಕ್ಷಣ ಕಡಿಯುವ ಸಾಕೆಟ್ಟಿಗೆ, ಬದಲಿಸಿದೆ. ನಮ್ಮ ಕಡೆಯ 30 ಮಿಲಿಆಂಪಿನ ಇಎಲ್‌ಸಿಬಿಯ ತಮ್ಮ ಇವನು, ಐದು ಮಿಲಿಆಂಪಿನ ಆಸುಪಾಸಿನಲ್ಲೇ ಕಡಿದುಬಿಡುತ್ತಾನೆ. ಬಲ್ಬು ಎಲ್‌ಇಡಿಗೆ ಬದಲಾಯಿತು. ಉರಿಯುವ ಜಾಗ ರಿಫ್ಲೆಕ್ಟರಿನ ನಡುಮಧ್ಯಕ್ಕೆ ಬಾರದೆ ಗಾಜಿನ ಅಂಚು ಮಂಕಾಗಿದೆ, ಇರಲಿ. ಎಲ್‌ಇಡಿ ಹಾಕಿದ್ದೇನೆ ಅಂತ ಅರ್ಥ್ ಬಿಡಬೇಡಿ, ಶಾಖ ಕಮ್ಮಿಯಾದರೂ ವೋಲ್ಟೇಜ್ ಅದೇ 120.

ಭಾರತದಲ್ಲಿ ವೈರಿಂಗ್ ಕಲಿತವರಿಗೆ ಇನ್ನೊಂದು ಗುಂಡಿ. ನಮ್ಮ ಕೈಗೆ ಹಸಿರು ಅಂದರೆ ಅರ್ಥ್. ಇಂಥ ಎಷ್ಟೋ ಹಳೇ ಸಿಗ್ನಲ್ಲುಗಳಲ್ಲಿ ಹಸಿರು ವೈರು ಹಸಿರು ದೀಪಕ್ಕೆ ಹೋಗುವ ಫೇಸ್! ಮೈಗೆ ಕಟ್ಟುವ ಅರ್ಥಿಗೆ ನಾನು ಹೊದಿಕೆಯಿಲ್ಲದ ತಾಮ್ರವನ್ನೇ ಬಳಸಿದೆ, ಗೊಂದಲವೇ ಬೇಡ ಅಂತ.

ಎಲ್ಲ ಮುಗಿದ ಮೇಲೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಕೆಂಪು, ಹಳದಿ, ಹಸಿರು ಒಂದೊಂದೇ ಹೊತ್ತಿಸಿ ತೋರಿಸಿದೆ. ಅವರು ಅದ್ಯಾವುದನ್ನೂ ನೋಡಲಿಲ್ಲ. "ಫೋನ್ ಇನ್ನೂ ಹತ್ರ ಹಿಡಿ. ಬಾಗ್ಲು ತೆಗಿ. ಆ ಅರ್ಥ್ ಸ್ಕ್ರೂ ಎಲ್ಲಿ ಹಾಕಿದ್ದೀಯ ತೋರ್ಸು" ಅಂದರು. ನಾನು ಮೊದಲು ಪ್ಲಗ್ಗು ಕಿತ್ತೆ.